ಐವರ ಗೋಡೆ

2025ರ ಏಪ್ರಿಲ್ 24ರ ರಾತ್ರಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನ ಜನಸಂಖ್ಯೆ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಮೂರು ದಿನಗಳ ಆ ಜಾತ್ರೆಗೆ ಬಂದವರ ಒಟ್ಟು ಲೆಕ್ಕವನ್ನು ಸಂಘಟಕರು 6 ಲಕ್ಷ ಎಂದರು. ಬಂದವರು ಆಟ ನೋಡಲು ಬಂದವರಲ್ಲ. ಕಾಲೇಜು ತಂಡಗಳ ಹುಡುಗರನ್ನು ವೃತ್ತಿಪರ ಫುಟ್‌ಬಾಲ್ ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ಅದು. ಊರಿನ ತಂಡ ಗ್ರೀನ್ ಬೇ ಪ್ಯಾಕರ್ಸ್ 23ನೆಯ ಸರದಿಯಲ್ಲಿ ಮ್ಯಾಥ್ಯೂ ಗೋಲ್ಡನ್ ಅವರನ್ನು ಆರಿಸಿದಾಗ ಕೇಕೆ ಮುಗಿಲು ಮುಟ್ಟಿತು. ಗೋಲ್ಡನ್ ಓಡಿಹೋಗಿ ಚೆಂಡು ಹಿಡಿಯುವ ರಿಸೀವರ್. ಮೊದಲ ಸುತ್ತಿನಲ್ಲಿ ಅಂಥವರೊಬ್ಬರನ್ನು ಪ್ಯಾಕರ್ಸ್ ಆರಿಸಿದ್ದು 2002ರ ನಂತರ ಅದೇ ಮೊದಲು. ಮರುದಿನ 54ನೆಯ ಸರದಿಯಲ್ಲಿ ಬಂದ ಹೆಸರು ಆಂಟನಿ ಬೆಲ್ಟನ್. ಸುಮಾರು 150 ಕೆ.ಜಿ. ತೂಗುವ ಟ್ಯಾಕಲ್. ಇಂಥವರ ಕೈಗೆ ಚೆಂಡು ಬರುವುದು ಅಪರೂಪದಲ್ಲಿ ಅಪರೂಪ. ಆದರೆ ಗೋಲ್ಡನ್ ಚೆಂಡು ಹಿಡಿಯಬೇಕಾದರೆ ಬೆಲ್ಟನ್ ಅವರಂಥ ಐವರು ಅದಕ್ಕೆ ಮೊದಲೇ ತಮ್ಮ ಕೆಲಸ ಪೂರೈಸಿರಬೇಕು.

ಆ ಐವರ ಸಾಲಿಗೆ ಆಫೆನ್ಸಿವ್ ಲೈನ್ ಎಂದು ಹೆಸರು. ಅದನ್ನು ಗಟ್ಟಿ ಮಾಡುವುದು ಹೇಗೆ ಎಂಬುದು ಅಲ್ಲಿನ ಅಭಿಮಾನಿಗಳ ನಡುವೆ ಪ್ರತಿ ಚಳಿಗಾಲದಲ್ಲೂ ಎದ್ದು ಬೇಸಿಗೆಯವರೆಗೂ ಎಳೆಯುವ ಜಗಳ. ಡ್ರಾಫ್ಟ್‌ನಲ್ಲಿ ಹೊಸಬನನ್ನು ತರಬೇಕೆ? ಹಣ ಸುರಿದು ಬೇರೆ ತಂಡದ ಹಳಬನನ್ನು ಕರೆಸಬೇಕೆ? ಇರುವವರ ಜಾಗಗಳನ್ನೇ ಅದಲುಬದಲು ಮಾಡಿದರೆ ಸಾಕೆ? ಅಥವಾ ತರಬೇತುದಾರರನ್ನೇ ಬದಲಿಸಬೇಕೆ? ಗ್ರೀನ್ ಬೇಯಲ್ಲಿ ಈ ಮಾತಿಗೆ ತೂಕ ಹೆಚ್ಚು, ಏಕೆಂದರೆ ಅಲ್ಲಿ ತಂಡದ ಒಡೆಯರೇ ಅಭಿಮಾನಿಗಳು. 1923ರಲ್ಲಿ 5 ಡಾಲರಿಗೊಂದರಂತೆ ಒಂದು ಸಾವಿರ ಷೇರುಗಳನ್ನು ಊರವರಿಗೆ ಮಾರಿ ತಂಡವನ್ನು ಉಳಿಸಿಕೊಂಡರು. ಮುಂದೆ 1935, 1950, 1997, 2011 ಮತ್ತು 2021ರಲ್ಲೂ ಷೇರು ಮಾರಾಟ ನಡೆಯಿತು. ಈಗ ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಅವರಿಗೆ ಲಾಭಾಂಶ ಬರುವುದಿಲ್ಲ, ಷೇರನ್ನು ಲಾಭಕ್ಕೆ ಮಾರುವಂತೆಯೂ ಇಲ್ಲ. ಸಿಗುವುದು ಒಂದು ಪ್ರಮಾಣಪತ್ರ, ವಾರ್ಷಿಕ ಸಭೆಗೆ ಪ್ರವೇಶ ಮತ್ತು ತಮ್ಮ ತಂಡದ ಬಗ್ಗೆ ಮಾತಾಡುವ ಹಕ್ಕು ತಮಗಿದೆ ಎಂಬ ಗಟ್ಟಿ ನಂಬಿಕೆ.

ಇದು ಕಾಲಿನಿಂದ ಒದೆಯುವ ನಮ್ಮ ಪರಿಚಯದ ಫುಟ್‌ಬಾಲ್ ಅಲ್ಲ ಎಂಬುದನ್ನು ಹೇಳಲೇಬೇಕಿಲ್ಲ. ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಪ್ರತಿ ಸಲವೂ ಎರಡು ಸಾಲುಗಳು ಚೆಂಡಿನ ಉದ್ದದಷ್ಟೇ ಜಾಗ ಬಿಟ್ಟು ಎದುರುಬದುರು ಬಾಗಿ ನಿಲ್ಲುತ್ತವೆ. ಮಧ್ಯದ ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ ಕೊಡುತ್ತಾನೆ. ಸೆಂಟರ್‌ನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರ ಆಚೆಗೆ ಇಬ್ಬರು ಟ್ಯಾಕಲ್‌ಗಳು. ಓಟಗಾರನಿಗೆ ದಾರಿ ಬಿಡಿಸುವುದು, ಚೆಂಡು ಎಸೆಯುವ ತನಕ ಎರಡೂವರೆ ಮೂರು ಸೆಕೆಂಡ್ ಎದುರಾಳಿಗಳನ್ನು ತಡೆಯುವುದು, ಇಷ್ಟೇ ಅವರ ಕೆಲಸ. ಕಬಡ್ಡಿಯಲ್ಲಿ ಸರಪಳಿ ಹಿಡಿದವರಲ್ಲಿ ಒಬ್ಬ ಕೈ ಸಡಿಲಿಸಿದರೆ ಮಿಕ್ಕವರ ಬಲವೆಲ್ಲ ವ್ಯರ್ಥವಾಗುವ ಹಾಗೆ, ಇಲ್ಲಿಯೂ ನಾಲ್ವರು ಸರಿಯಾಗಿ ನಿಂತು ಐದನೆಯವನು ಜಾರಿದರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದಿರುತ್ತಾನೆ. ತಪ್ಪು ಮಾಡಿದಾಗ ಮಾತ್ರ ರೆಫರಿ ಮೈಕಿನಲ್ಲಿ ಲೈನ್‌ಮನ್‌ನ ಅಂಗಿಯ ಸಂಖ್ಯೆಯನ್ನು ಕೂಗುತ್ತಾನೆ. ಬಹಳ ಕಾಲ ಪ್ರೇಕ್ಷಕರಿಗೆ ಅವರ ಪರಿಚಯವಾಗುತ್ತಿದ್ದ ದಾರಿ ಅದೊಂದೇ.

ಮೊದಲಿಗೆ ಸಾಲು ಎಂಬುದೇ ಇರಲಿಲ್ಲ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಆಟವನ್ನು ಅಮೆರಿಕನ್ ಫುಟ್‌ಬಾಲ್‌ನ ಮೊದಲ ಪಂದ್ಯವೆಂದು ಎಣಿಸುತ್ತಾರಾದರೂ ಅದು ಜನರ ಗುಂಪೊಂದು ಚೆಂಡಿನ ಹಿಂದೆ ನುಗ್ಗಿದ ಆಟ. 1880ರಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ಹೊಸ ನಿಯಮ ತಂದರು: ಚೆಂಡು ಒಂದು ತಂಡದ ವಶದಲ್ಲಿರಬೇಕು, ಎರಡು ತಂಡಗಳ ನಡುವೆ ಒಂದು ಗೆರೆ ಇರಬೇಕು. ಆ ಗೆರೆಯ ಮೇಲೆ ನಿಲ್ಲುವವರ ವೃತ್ತಿ ಅಲ್ಲಿಂದ ಶುರುವಾಯಿತು. ಶುರುವಾದದ್ದು ಒರಟಾಗಿಯೇ. 1892ರಲ್ಲಿ ಹಾರ್ವರ್ಡ್ ತಂಡ ಬೆಣೆಯಾಕಾರದಲ್ಲಿ ಓಡಿ ಬಂದು ಯೇಲ್‌ನ ಒಬ್ಬನೇ ಆಟಗಾರನ ಮೇಲೆ ಅಪ್ಪಳಿಸುವ ಉಪಾಯವನ್ನು ಬಳಸಿತು. ಅದನ್ನು ರೂಪಿಸಿದ ಲೋರಿನ್ ಡಿಲ್ಯಾಂಡ್ ಎಂದೂ ಫುಟ್‌ಬಾಲ್ ಆಡಿದವರಲ್ಲ. ಅವರ ಆಸಕ್ತಿ ಚದುರಂಗ ಮತ್ತು ಸೇನಾ ತಂತ್ರಗಳಲ್ಲಿ. ಅಂದಿನ ಪಂದ್ಯವನ್ನು ಯೇಲ್ 6-0ಯಿಂದ ಗೆದ್ದಿತು, ಆದರೆ ಬೆಣೆಯ ಉಪಾಯ ದೇಶವೆಲ್ಲ ಹಬ್ಬಿತು.

ಅದರ ಬೆಲೆಯನ್ನು ಹುಡುಗರು ತೆತ್ತರು. 1905ರ ಒಂದೇ ಋತುವಿನಲ್ಲಿ ಹದಿನೆಂಟಕ್ಕೆ ಕಡಿಮೆಯಿಲ್ಲದಷ್ಟು ಆಟಗಾರರು ಸತ್ತರು. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಆ ಅಕ್ಟೋಬರಿನಲ್ಲಿ ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ಒತ್ತಾಯಿಸಿದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು, ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಖಾಲಿ ಜಾಗ ಕಡ್ಡಾಯವಾಯಿತು. 1910ರ ಹೊತ್ತಿಗೆ ಗೆರೆಯ ಮೇಲೆ ಏಳು ಜನ ಇರಲೇಬೇಕು, ಓಟಗಾರನನ್ನು ಹಿಂದಿನಿಂದ ತಳ್ಳುವಂತಿಲ್ಲ ಎಂಬ ನಿಯಮಗಳೂ ಬಂದವು. ತಳ್ಳಾಟದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 2005ರಲ್ಲಿ ಆ ನಿಷೇಧವನ್ನು ತೆಗೆದುಹಾಕಿತು. ಫಿಲಡೆಲ್ಫಿಯಾ ಈಗಲ್ಸ್ ತಂಡ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದಿನಿಂದ ದೂಡಿ ಒಂದೊಂದು ಗಜ ಗೆಲ್ಲುವುದನ್ನೇ ಒಂದು ಶಾಸ್ತ್ರವಾಗಿಸಿಕೊಂಡಾಗ, ಅದನ್ನು ನಿಷೇಧಿಸಬೇಕೆಂದು 2025ರಲ್ಲಿ ಪ್ರಸ್ತಾವ ತಂದದ್ದು ಗ್ರೀನ್ ಬೇ ತಂಡವೇ. ಮತ ಬಿದ್ದದ್ದು 22-10. ಬೇಕಿದ್ದದ್ದು 24. ಪ್ರಸ್ತಾವ ಬಿದ್ದುಹೋಯಿತು.

ಎನ್‌ಎಫ್‌ಎಲ್‌ನ ಮೊದಲ ಮೂವತ್ತು ವರ್ಷ ಲೈನ್‌ಮನ್‌ಗಳು ಎರಡೂ ಪಾಳಿ ಆಡುತ್ತಿದ್ದರು. ತಮ್ಮ ತಂಡದ ಬಳಿ ಚೆಂಡಿದ್ದಾಗ ತಡೆಯುವುದು, ಎದುರಾಳಿಯ ಬಳಿ ಇದ್ದಾಗ ನುಗ್ಗುವುದು. 1950ರಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದೆಂಬ ನಿಯಮ ಕಾಯಂ ಆದ ಮೇಲೆ ಒಂದೇ ಕೆಲಸ ಕಲಿತವರ ಕಾಲ ಬಂತು. ಆ ಕೆಲಸವನ್ನು ಅದರ ಶಿಖರಕ್ಕೆ ಒಯ್ದವರು ಸ್ವತಃ ಗಾರ್ಡ್ ಆಗಿದ್ದ ಒಬ್ಬರು.

ವಿನ್ಸ್ ಲೊಂಬಾರ್ಡಿ ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದ ಹುಡುಗ. 1936ರ ಆ ತಂಡದ ಮುಂಚೂಣಿಯ ಏಳು ಜನರನ್ನು ಪತ್ರಿಕೆಗಳು ಗ್ರಾನೈಟಿನ ಏಳು ಕಲ್ಲುಗಳೆಂದು ಕರೆದಿದ್ದವು. ಅವರಲ್ಲಿ ಲೊಂಬಾರ್ಡಿಯೂ ಒಬ್ಬರು. 1959ರಲ್ಲಿ ಅವರು ಗ್ರೀನ್ ಬೇಗೆ ಬಂದಾಗ ತಂಡ ಹಿಂದಿನ ವರ್ಷ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದು, ಹತ್ತು ಸೋತು, ಒಂದನ್ನು ಸಮ ಮಾಡಿಕೊಂಡಿತ್ತು. ಲೈನ್ ಕಟ್ಟಲು ಲೊಂಬಾರ್ಡಿ ಹೊಸ ದೈತ್ಯರನ್ನು ಹುಡುಕಿಕೊಂಡು ಹೋಗಲಿಲ್ಲ. ಸೆಂಟರ್ ಜಿಮ್ ರಿಂಗೋ 1953ರಿಂದಲೇ ಇದ್ದರು, ಏಳನೆಯ ಸುತ್ತಿನ ಆಯ್ಕೆ. ಟ್ಯಾಕಲ್‌ಗಳಾದ ಫಾರೆಸ್ಟ್ ಗ್ರೆಗ್ ಮತ್ತು ಬಾಬ್ ಸ್ಕೊರಾನ್ಸ್ಕಿ 1956ರಲ್ಲಿ ಬಂದವರು. ಗಾರ್ಡ್ ಜೆರ್ರಿ ಕ್ರೇಮರ್ 1958ರ ನಾಲ್ಕನೆಯ ಸುತ್ತಿನವರು. ಹೊರಗಿನಿಂದ ತಂದದ್ದು ಇನ್ನೊಬ್ಬ ಗಾರ್ಡ್ ಫಜ್ಜಿ ಥರ್ಸ್ಟನ್ ಒಬ್ಬರನ್ನು, ಬಾಲ್ಟಿಮೋರ್ ತಂಡದಿಂದ. ಸೋತ ತಂಡದೊಳಗೇ ಒಂದು ಮಹಾ ಸಾಲು ಅಡಗಿತ್ತು. ಅದಕ್ಕೆ ಪಾಠ ಹೇಳುವವರು ಬೇಕಿತ್ತು.

ಆ ಪಾಠದ ಹೆಸರು ಸ್ವೀಪ್. ಕ್ರೇಮರ್ ಮತ್ತು ಥರ್ಸ್ಟನ್ ಇಬ್ಬರೂ ತಮ್ಮ ಜಾಗ ಬಿಟ್ಟು ಹಿಂದೆ ಸರಿದು, ಸಾಲಿಗೆ ಸಮಾಂತರವಾಗಿ ಓಡಿ, ತುದಿಯಲ್ಲಿ ತಿರುಗಿ ಓಟಗಾರನ ಮುಂದೆ ನುಗ್ಗಬೇಕು. ಅವರು ಬಿಟ್ಟುಹೋದ ಕಂಡಿಯನ್ನು ಸೆಂಟರ್ ಮತ್ತು ಟ್ಯಾಕಲ್ ಮುಚ್ಚಬೇಕು. ಗಾರ್ಡ್‌ಗಳ ಬೆನ್ನಿಗೆ ಪಾಲ್ ಹಾರ್ನಂಗ್ ಅಥವಾ ಜಿಮ್ ಟೇಲರ್ ಚೆಂಡು ಹಿಡಿದು ಬರುತ್ತಾರೆ. ತಂಡಗಳಿಗೆಲ್ಲ ಗೊತ್ತಿದ್ದ ಆಟವೇ ಅದು, ಬಚ್ಚಿಡಲು ಏನೂ ಇರಲಿಲ್ಲ. ಎದುರಾಳಿ ಹೇಗೆ ನಿಂತರೆ ಯಾರು ಯಾವ ಕಡೆ ಹೆಜ್ಜೆ ಇಡಬೇಕೆಂಬುದನ್ನು ಲೊಂಬಾರ್ಡಿ ಮತ್ತೆ ಮತ್ತೆ ತಿದ್ದಿದರು. ಮುಂದೆ ದೊಡ್ಡ ತರಬೇತುದಾರರಾಗಿ, ವೀಕ್ಷಕ ವಿವರಣೆಗಾರರಾಗಿ ಹೆಸರಾದ ಜಾನ್ ಮ್ಯಾಡನ್ ಯುವಕರಾಗಿದ್ದಾಗ ಲೊಂಬಾರ್ಡಿಯ ಒಂದು ಶಿಬಿರಕ್ಕೆ ಹೋಗಿದ್ದರು. ಈ ಒಂದೇ ಆಟದ ಬಗ್ಗೆ ಲೊಂಬಾರ್ಡಿ ಎಂಟು ಗಂಟೆ ಮಾತಾಡಿದರೆಂದು ಮ್ಯಾಡನ್ ಬದುಕಿಡೀ ಹೇಳುತ್ತಿದ್ದರು. 1961, 1962, 1965, 1966 ಮತ್ತು 1967, ಹೀಗೆ ಏಳು ವರ್ಷಗಳಲ್ಲಿ ಐದು ಸಲ ಪ್ಯಾಕರ್ಸ್ ಲೀಗ್ ಚಾಂಪಿಯನ್ ಆದರು. ಋತುವಿನ ಕಟ್ಟಕಡೆಯ ಪಂದ್ಯವಾದ ಸೂಪರ್ ಬೌಲ್ ಶುರುವಾದಾಗ ಮೊದಲ ಎರಡೂ ಅವರವೇ.

1967ರ ಡಿಸೆಂಬರ್ 31. ಗ್ರೀನ್ ಬೇಯ ಲ್ಯಾಂಬೊ ಫೀಲ್ಡ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧದ ಲೀಗ್ ಫೈನಲ್. ತಾಪಮಾನ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೈದಾನದಡಿ ಹೂಳಿದ್ದ ಬಿಸಿ ತಂತಿಗಳು ಕೈಕೊಟ್ಟು ನೆಲ ಹೆಪ್ಪುಗಟ್ಟಿತ್ತು, ರೆಫರಿಗಳ ಲೋಹದ ಸೀಟಿ ತುಟಿಗೆ ಅಂಟುತ್ತಿತ್ತು. ಇಂದಿಗೂ ಅದು ಐಸ್ ಬೌಲ್ ಎಂದೇ ಪ್ರಸಿದ್ಧ. ಪಂದ್ಯ ಮುಗಿಯಲು 16 ಸೆಕೆಂಡ್ ಉಳಿದಿದ್ದಾಗ ಪ್ಯಾಕರ್ಸ್ 14-17ರಿಂದ ಹಿಂದಿದ್ದರು. ಅಂಕ ತರುವ ಗೆರೆ ಒಂದು ಗಜಕ್ಕೂ ಹತ್ತಿರ, ವಿರಾಮಗಳೆಲ್ಲ ಮುಗಿದಿದ್ದವು. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಚೆಂಡನ್ನು ಯಾರಿಗೂ ಕೊಡದೆ ತಾವೇ ಕ್ರೇಮರ್ ಬೆನ್ನ ಹಿಂದೆ ನುಗ್ಗಿದರು. ಕ್ರೇಮರ್ ಮತ್ತು ಸೆಂಟರ್ ಕೆನ್ ಬೋಮನ್ ಇಬ್ಬರೂ ಸೇರಿ ಡಲ್ಲಾಸ್‌ನ ಜೆತ್ರೋ ಪ್ಯೂ ಅವರನ್ನು ಕದಲಿಸಿದ್ದರು. ಸ್ಟಾರ್ ಗೆರೆ ದಾಟಿದರು. 21-17.

ಮೈದಾನದಲ್ಲಿದ್ದ ಐವತ್ತು ಸಾವಿರ ಜನ ಕಂಡದ್ದು ಮನುಷ್ಯರ ಒಂದು ರಾಶಿಯನ್ನು. ಆದರೆ ಟೀವಿಯ ಮುಂದಿದ್ದವರಿಗೆ ಇನ್ನೂ ಒಂದು ಸಂಗತಿ ಕಂಡಿತು. ಕ್ಷಣದ ಹಿಂದಿನ ಆಟವನ್ನು ಮತ್ತೆ ತೋರಿಸುವ ತಂತ್ರವನ್ನು ಟೋನಿ ವರ್ನಾ ಎಂಬ ನಿರ್ದೇಶಕರು 1963ರ ಡಿಸೆಂಬರಿನ ಆರ್ಮಿ-ನೇವಿ ಪಂದ್ಯದಲ್ಲಿ ಮೊದಲ ಬಾರಿ ಬಳಸಿದ್ದರು. ನಾಲ್ಕು ವರ್ಷಗಳ ಮೇಲೆ ಅದೇ ತಂತ್ರ ಒಬ್ಬ ಗಾರ್ಡ್‌ನ ತಡೆಯನ್ನು ದೇಶಕ್ಕೆಲ್ಲ ಮತ್ತೆ ಮತ್ತೆ ತೋರಿಸಿತು. ಆ ಋತುವಿನ ದಿನಚರಿಯನ್ನು ಕ್ರೇಮರ್ ಪತ್ರಕರ್ತ ಡಿಕ್ ಶಾಪ್ ಜೊತೆಗೂಡಿ ಪುಸ್ತಕ ಮಾಡಿದಾಗ ಅದಕ್ಕೆ 'ಇನ್‌ಸ್ಟಂಟ್ ರೀಪ್ಲೇ' ಎಂದೇ ಹೆಸರಿಟ್ಟರು. 1968ರಲ್ಲಿ ಅದು ಬಿಸಿ ದೋಸೆಯ ವೇಗದಲ್ಲಿ ಖರ್ಚಾಯಿತು. ಲೈನ್‌ಮನ್ ಒಬ್ಬ ವಾರಪೂರ್ತಿ ಏನು ಯೋಚಿಸುತ್ತಾನೆ, ಎದುರಿಗೆ ನಿಲ್ಲುವವನ ಕಾಲಿನ ಚಲನೆಯನ್ನು ಫಿಲ್ಮಿನಲ್ಲಿ ಹೇಗೆ ಓದುತ್ತಾನೆ ಎಂಬುದನ್ನು ಸಾಮಾನ್ಯ ಅಭಿಮಾನಿಗಳು ಅಷ್ಟು ಹತ್ತಿರದಿಂದ ತಿಳಿದದ್ದು ಆಗಲೇ. ಇಷ್ಟಾಗಿಯೂ ಈ ಆಟದ ಮಹನೀಯರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನ ಬಾಗಿಲು ಕ್ರೇಮರ್‌ಗೆ ತೆರೆದದ್ದು 2018ರಲ್ಲಿ, ಆಟ ಬಿಟ್ಟು ಅರ್ಧ ಶತಮಾನ ಆಗುವ ಹೊತ್ತಿಗೆ.

ಇದೇ ಗ್ರೀನ್ ಬೇ ಅಭಿಮಾನಿಗಳಿಗೆ 1989 ಎಂದರೆ ಇಂದಿಗೂ ನೋವು. ಆ ವರ್ಷದ ಡ್ರಾಫ್ಟ್‌ನಲ್ಲಿ ಎರಡನೆಯ ಸರದಿ ಅವರದು. ಲೈನ್ ಗಟ್ಟಿಯಾಗಬೇಕೆಂಬ ಹಟದಲ್ಲಿ ಮಿಷಿಗನ್ ಸ್ಟೇಟ್‌ನ ಟ್ಯಾಕಲ್ ಟೋನಿ ಮ್ಯಾಂಡರಿಚ್ ಅವರನ್ನು ಆರಿಸಿದರು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಬರಿಮೈಯ ಅವರ ಚಿತ್ರವನ್ನು ಮುಖಪುಟಕ್ಕೆ ಹಾಕಿತ್ತು. ಒಪ್ಪಂದಕ್ಕಾಗಿ ಹಟ ಹಿಡಿದು ತಡವಾಗಿ ಬಂದ ಮ್ಯಾಂಡರಿಚ್ ಮೈದಾನದಲ್ಲಿ ನಿಲ್ಲಲೇ ಇಲ್ಲ. 1992ರಲ್ಲಿ ಅದೇ ಪತ್ರಿಕೆ ಅವರನ್ನು ಮಹಾ ವೈಫಲ್ಯವೆಂದು ಮತ್ತೆ ಮುಖಪುಟದಲ್ಲಿ ತೋರಿಸಿತು. ಕಾಲೇಜಿನಲ್ಲಿ ಸ್ಟೀರಾಯ್ಡ್ ಬಳಸಿದ್ದನ್ನು ಅವರು 2008ರಲ್ಲಿ ಒಪ್ಪಿಕೊಂಡರು. ಅಷ್ಟೇ ಆಗಿದ್ದರೆ ಜನ ಮರೆಯುತ್ತಿದ್ದರೇನೋ. ಆ ಡ್ರಾಫ್ಟ್‌ನ ಮೊದಲ ಐವರಲ್ಲಿ ಉಳಿದ ನಾಲ್ವರೂ ಹಾಲ್ ಆಫ್ ಫೇಮ್ ಸೇರಿದರು: ಟ್ರಾಯ್ ಐಕ್‌ಮನ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ಅವರಲ್ಲಿ ಬ್ಯಾರಿ ಸ್ಯಾಂಡರ್ಸ್ ಹೋದದ್ದು ಡೆಟ್ರಾಯಿಟ್‌ಗೆ. ಒಂದೇ ವಿಭಾಗದ ತಂಡವಾದ್ದರಿಂದ ವರ್ಷಕ್ಕೆರಡು ಸಲ ಅವರು ಪ್ಯಾಕರ್ಸ್ ಎದುರು ಓಡುತ್ತಿದ್ದರು. ಹತ್ತು ಋತುಗಳಲ್ಲಿ ಅವರ ಓಟ 15,269 ಗಜ.

ಈ ಗಾಯದಿಂದ ಹಲವರು ಕಲಿತ ಪಾಠ, ಲೈನ್‌ಮನ್‌ಗೆ ಅಷ್ಟು ಮೇಲಿನ ಸರದಿ ದಂಡ ಎಂಬುದು. ಅದು ಸರಿಯಲ್ಲ. 1980ರಲ್ಲಿ ಮೂರನೆಯವರಾಗಿ ಸಿನ್ಸಿನಾಟಿಗೆ ಬಂದ ಆಂಟನಿ ಮುನ್ಯೋಸ್, 1996ರಲ್ಲಿ ನಾಲ್ಕನೆಯವರಾಗಿ ಬಾಲ್ಟಿಮೋರ್‌ಗೆ ಬಂದ ಜೊನಾಥನ್ ಆಗ್ಡೆನ್ ಇಬ್ಬರೂ ಈ ಆಟ ಕಂಡ ಅತಿ ದೊಡ್ಡ ಟ್ಯಾಕಲ್‌ಗಳ ಸಾಲಿನವರು. ನಿಜವಾದ ಪಾಠ ವಿಸ್ಕಾನ್ಸಿನ್‌ನವರೇ ಆದ ಜೋ ಥಾಮಸ್ ಅವರ ಬದುಕಿನಲ್ಲಿದೆ. 2007ರಲ್ಲಿ ಮೂರನೆಯ ಸರದಿಯಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಸೇರಿದ ಅವರು ಒಂದನ್ನೂ ತಪ್ಪಿಸದೆ ಸತತವಾಗಿ 10,363 ಸಲ ಆ ಗೆರೆಯ ಮೇಲೆ ಬಾಗಿ ನಿಂತರು. ಮೊದಲ ಪ್ರಯತ್ನದಲ್ಲೇ, 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅವರಿದ್ದ ಹನ್ನೊಂದು ಋತುಗಳಲ್ಲಿ ಬ್ರೌನ್ಸ್ ಒಂದು ಸಲವೂ ಪ್ಲೇಆಫ್ ಮುಟ್ಟಲಿಲ್ಲ. ಒಬ್ಬ ಮಹಾನುಭಾವನಿಂದ ಲೈನ್ ಆಗುವುದಿಲ್ಲ.

ಲೈನ್ ಹೇಗೆ ಆಗುತ್ತದೆ ಎಂಬುದಕ್ಕೆ ಲೊಂಬಾರ್ಡಿಯ ನಂತರದ ಅತಿ ದೊಡ್ಡ ಸಾಕ್ಷಿ ರಾಜಧಾನಿ ವಾಷಿಂಗ್ಟನ್‌ನಲ್ಲಿದೆ. 1981ರಲ್ಲಿ ಮುಖ್ಯ ತರಬೇತುದಾರರಾಗಿ ಜೋ ಗಿಬ್ಸ್, ಲೈನ್‌ನ ತರಬೇತುದಾರರಾಗಿ ಜೋ ಬ್ಯೂಗಲ್ ಬಂದರು. ಅವರ ಕೈಗೆ ಸಿಕ್ಕ ಹುಡುಗರನ್ನು ನೋಡಿ. ಎಡ ಟ್ಯಾಕಲ್ ಜೋ ಜಾಕೋಬಿಯನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. ಸೆಂಟರ್ ಜೆಫ್ ಬೋಸ್ಟಿಕ್ ಅವರನ್ನೂ ಆರಿಸಿರಲಿಲ್ಲ. ಫಿಲಡೆಲ್ಫಿಯಾದವರು ಬಿಟ್ಟುಕೊಟ್ಟ ಮೇಲೆ ಅವರು ಇಲ್ಲಿಗೆ ಬಂದರು. ಗಾರ್ಡ್ ರಸ್ ಗ್ರಿಮ್ ಮೂರನೆಯ ಸುತ್ತು. ಹಿರಿಯ ಟ್ಯಾಕಲ್ ಜಾರ್ಜ್ ಸ್ಟಾರ್ಕ್ 1971ರ ಹನ್ನೊಂದನೆಯ ಸುತ್ತು. ಮೊದಲ ಸುತ್ತಿನ ಮರ್ಯಾದೆ ಸಿಕ್ಕಿದ್ದು ಮಾರ್ಕ್ ಮೇ ಅವರಿಗೆ ಮಾತ್ರ.

1982ರ ಶಿಬಿರದಲ್ಲಿ ಬ್ಯೂಗಲ್ ಇವರನ್ನು ಹಾಗ್ಸ್ ಎಂದು, ಅಂದರೆ ಹಂದಿಗಳೆಂದು ಪ್ರೀತಿಯಿಂದ ಕೂಗಿದರು. ಹೆಸರು ನಿಂತಿತು. ಅವರು ಅದನ್ನು ಬರೆದ ಟೀ ಶರ್ಟ್ ತೊಟ್ಟರು. ನಗರ ಅವರನ್ನು ತಲೆಯ ಮೇಲೆ ಹೊತ್ತು ಕುಣಿಯಿತು. ಗಂಡಸರೇ ಆದ ಅಭಿಮಾನಿಗಳ ಒಂದು ಗುಂಪು 1983ರಿಂದ ಹೆಂಗಸರ ಹಳೆಯ ಫ್ರಾಕು, ದೊಡ್ಡ ಟೋಪಿ, ಪ್ಲಾಸ್ಟಿಕ್ ಹಂದಿಮೂತಿ ತೊಟ್ಟು ಹಾಗೆಟ್ಸ್ ಎಂಬ ಹೆಸರಿನಲ್ಲಿ ಕ್ರೀಡಾಂಗಣಕ್ಕೆ ಬರತೊಡಗಿತು. ಆ ವೇಷದಲ್ಲೇ ಮಕ್ಕಳ ಆಸ್ಪತ್ರೆಗಳಿಗೆ ಹೋಗಿ ನಗಿಸಿದರು, ದತ್ತಿ ಕೆಲಸಗಳಿಗೆ ಹಣ ಕೂಡಿಸಿದರು. ಮೂವತ್ತು ವರ್ಷ ನಡೆದ ಮೇಲೆ ಆ ತಂಡ ನಿವೃತ್ತವಾಯಿತು. ಕ್ವಾರ್ಟರ್‌ಬ್ಯಾಕ್‌ನ ಅಂಗಿ ತೊಡುವ ಅಭಿಮಾನಿಗಳು ಎಲ್ಲ ಊರುಗಳಲ್ಲೂ ಉಂಟು. ಲೈನ್‌ಮನ್‌ಗಳಿಗಾಗಿ ವೇಷ ಕಟ್ಟಿದ ಊರು ಇದೊಂದೇ ಇರಬೇಕು.

ಆ ಪ್ರೀತಿಗೆ ಕಾರಣವಿತ್ತು. 1983ರ ಜನವರಿ 30ರ ಸೂಪರ್ ಬೌಲ್‌ನಲ್ಲಿ ಮಯಾಮಿ ಎದುರು ಜಾನ್ ರಿಗಿನ್ಸ್ ಈ ಸಾಲಿನ ಹಿಂದೆ 38 ಸಲ ಚೆಂಡು ಹಿಡಿದು 166 ಗಜ ಓಡಿದರು. ನಾಲ್ಕನೆಯ ಅವಕಾಶದಲ್ಲಿ ಒಂದು ಗಜ ಬೇಕಿದ್ದಾಗ 43 ಗಜ ಓಡಿ ಗೆಲುವಿನ ಅಂಕ ತಂದರು. 1988ರ ಸೂಪರ್ ಬೌಲ್‌ನಲ್ಲಿ ಡೆನ್ವರ್ ಎದುರು ಒಂದೇ ಕ್ವಾರ್ಟರ್‌ನಲ್ಲಿ 35 ಅಂಕ ಬಂತು. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪುವರ್ಣೀಯ ಕ್ವಾರ್ಟರ್‌ಬ್ಯಾಕ್ ಆಗಿ ಡಗ್ ವಿಲಿಯಮ್ಸ್ ಇತಿಹಾಸ ಬರೆದರೆ, ಹೊಸ ಹುಡುಗ ಟಿಮ್ಮಿ ಸ್ಮಿತ್ 204 ಗಜ ಓಡಿದರು. 1991ರ ಋತುವಿನಲ್ಲಿ ಹದಿನಾರು ಪಂದ್ಯಗಳಲ್ಲಿ ಎದುರಾಳಿಗಳು ಅವರ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು ಒಟ್ಟು 9 ಸಲ. ಆ ಋತುವಿನ ಕೊನೆಗೆ ಮತ್ತೊಂದು ಸೂಪರ್ ಬೌಲ್. ಮೂರು ಕಿರೀಟ, ಮೂವರು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳು: ಜೋ ಥೀಸ್ಮನ್, ಡಗ್ ವಿಲಿಯಮ್ಸ್, ಮಾರ್ಕ್ ರಿಪಿಯನ್. ಮೂರರಲ್ಲೂ ಸಾಲಿನಲ್ಲಿ ಉಳಿದಿದ್ದವರು ಜಾಕೋಬಿ, ಗ್ರಿಮ್, ಬೋಸ್ಟಿಕ್. ತರಬೇತುದಾರರಾಗಿ ಗಿಬ್ಸ್. ಕ್ವಾರ್ಟರ್‌ಬ್ಯಾಕ್ ಮೊದಲೋ ಲೈನ್ ಮೊದಲೋ ಎಂದು ವಾದಿಸುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇದೇ ತಂಡದ ಮೈದಾನದಲ್ಲಿ 1985ರ ನವೆಂಬರ್ 18ರ ಸೋಮವಾರ ರಾತ್ರಿ ನ್ಯೂಯಾರ್ಕ್ ಜಯಂಟ್ಸ್‌ನ ಲಾರೆನ್ಸ್ ಟೇಲರ್ ಥೀಸ್ಮನ್ ಅವರ ಮೇಲೆ ಬಿದ್ದರು. ಬಲಗಾಲು ಮುರಿಯಿತು, ಥೀಸ್ಮನ್ ಮತ್ತೆ ಆಡಲಿಲ್ಲ. ರೀಪ್ಲೇ ಅದನ್ನೂ ದೇಶಕ್ಕೆ ತೋರಿಸಿತು. ಬಲಗೈಯಿಂದ ಎಸೆಯುವವನಿಗೆ ಎಡಬೆನ್ನು ಕಾಣುವುದಿಲ್ಲ, ಅದನ್ನು ಕಾಯುವ ಎಡ ಟ್ಯಾಕಲ್ ಅಗ್ಗದವನಾಗಬಾರದು ಎಂಬ ಅರಿವು ಬೆಳೆದದ್ದು ಆ ವರ್ಷಗಳಲ್ಲಿ. ಮೈಕಲ್ ಲೂಯಿಸ್ 2006ರಲ್ಲಿ ಬರೆದ 'ದಿ ಬ್ಲೈಂಡ್ ಸೈಡ್' ಪುಸ್ತಕ ಈ ಘಟನೆಯಿಂದಲೇ ಶುರುವಾಗುತ್ತದೆ. ಅದಕ್ಕೆ ಮೊದಲೇ, 1978ರಲ್ಲಿ, ಎಸೆತ ಕಾಯುವಾಗ ಕೈ ಚಾಚಿ ಅಂಗೈ ತೆರೆದು ತಡೆಯಬಹುದೆಂದು ನಿಯಮ ಬದಲಾಗಿತ್ತು. ಎಸೆತದ ಆಟ ಬೆಳೆದ ಹಾಗೆ ಟ್ಯಾಕಲ್‌ನ ಬೆಲೆಯೂ ಬೆಳೆಯಿತು. ಆಟಗಾರರು ಒಪ್ಪಂದ ಮುಗಿದ ಮೇಲೆ ತಮಗೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ 1993ರಲ್ಲಿ ಬಂದಾಗ, ಬಫಲೋದ ಎಡ ಟ್ಯಾಕಲ್ ವಿಲ್ ವುಲ್ಫರ್ಡ್ ಅವರನ್ನು ಇಂಡಿಯಾನಾಪೊಲಿಸ್ ತಂಡ ಕರೆದುಕೊಂಡಿತು. ಆಕ್ರಮಣ ವಿಭಾಗದಲ್ಲಿ ಅವರಿಗಿಂತ ಹೆಚ್ಚು ಸಂಬಳ ಯಾರಿಗೂ ಇರಕೂಡದು ಎಂಬ ಷರತ್ತು ಒಪ್ಪಂದದಲ್ಲಿತ್ತು. ಹತ್ತು ವರ್ಷಗಳ ಹಿಂದೆ ಯಾರೂ ನಂಬದ ಮಾತು ಅದು.

ಹಣ ಬಂದದ್ದನ್ನು ಹೇಳಿದ ಮೇಲೆ ನೋವನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ವಿಸ್ಕಾನ್ಸಿನ್‌ನಲ್ಲೇ ಹುಟ್ಟಿ ಬೆಳೆದ ಮೈಕ್ ವೆಬ್‌ಸ್ಟರ್ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಸೆಂಟರ್, ನಾಲ್ಕು ಸೂಪರ್ ಬೌಲ್ ಗೆದ್ದವರು. 1974ರ ಐದನೆಯ ಸುತ್ತಿನಲ್ಲಿ ಬಂದು ಹದಿನೈದು ಋತು ಆ ಸಾಲಿನ ನಡುವೆ ನಿಂತರು. ಪ್ರತಿ ಸಲವೂ ತಲೆ ಮೊದಲು ತಗುಲುವ ಕೆಲಸ ಅದು. ಆಟ ಬಿಟ್ಟ ಮೇಲೆ ನೆನಪು, ಮನೆ, ಹಣ ಎಲ್ಲವೂ ಕೈತಪ್ಪಿ 2002ರಲ್ಲಿ 50ನೆಯ ವಯಸ್ಸಿಗೆ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದ ವೈದ್ಯ ಬೆನೆಟ್ ಒಮಾಲು ಪದೇಪದೇ ಬಿದ್ದ ಹೊಡೆತಗಳಿಂದಾದ ಸಿಟಿಇ ರೋಗವನ್ನು ಗುರುತಿಸಿ 2005ರಲ್ಲಿ ಪ್ರಕಟಿಸಿದರು. ಎನ್‌ಎಫ್‌ಎಲ್ ಮೊದಲಿಗೆ ಅದನ್ನು ಅಲ್ಲಗಳೆಯಿತು. ಮುಂದೆ ಸಾವಿರಾರು ಮಾಜಿ ಆಟಗಾರರು ನ್ಯಾಯಾಲಯಕ್ಕೆ ಹೋದರು, ಪರಿಹಾರದ ಮೊತ್ತ 100 ಕೋಟಿ ಡಾಲರ್ ದಾಟಿತು. ಇನ್ನು ದೇಹದ ತೂಕ. ಕ್ರೇಮರ್ ಕಾಲದಲ್ಲಿ 110 ಕೆ.ಜಿ. ಇದ್ದವರು ದೊಡ್ಡವರು. ಇಂದು 140 ಕೆ.ಜಿ. ಸಾಮಾನ್ಯ. ಲೈನ್ ಇನ್ನೂ ಭಾರವಾಗಬೇಕೆಂದು ಕೇಳುವ ಅಭಿಮಾನಿ ಆ ಭಾರವನ್ನು ನಲವತ್ತರ ನಂತರವೂ ಹೊತ್ತು ತಿರುಗಬೇಕಾದ ಮೊಣಕಾಲುಗಳನ್ನೂ ಹೃದಯವನ್ನೂ ನೆನೆಯಬೇಕು.

ಇಂದಿನ ಅಭಿಮಾನಿಯ ಕೈಯಲ್ಲಿ ಅಜ್ಜನಿಗಿಲ್ಲದ ಸಾಧನಗಳಿವೆ. ಇಪ್ಪತ್ತೆರಡೂ ಆಟಗಾರರು ಕಾಣುವ, ಹಿಂದೆ ತರಬೇತುದಾರರಿಗೆ ಮಾತ್ರ ಸಿಗುತ್ತಿದ್ದ ಚಿತ್ರಿಕೆಯನ್ನು ಎನ್‌ಎಫ್‌ಎಲ್ 2012ರಿಂದ ಸಾರ್ವಜನಿಕರಿಗೂ ಕೊಟ್ಟಿದೆ. ಲೈನ್‌ಮನ್ ಒಬ್ಬ ಎದುರಾಳಿಯನ್ನು ಎರಡೂವರೆ ಸೆಕೆಂಡ್ ತಡೆದನೇ ಇಲ್ಲವೇ ಎಂಬ ಲೆಕ್ಕ ಸಿಗುತ್ತದೆ. ಹೀಗಾಗಿ 2021ರ ಫೆಬ್ರವರಿ 7ರಂದು ಕ್ಯಾನ್ಸಸ್ ಸಿಟಿ ಚೀಫ್ಸ್ ಸೂಪರ್ ಬೌಲ್‌ನಲ್ಲಿ ಟ್ಯಾಂಪಾ ಬೇಗೆ 9-31ರಿಂದ ಸೋತಾಗ ಯಾರೂ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ದೂರಲಿಲ್ಲ. ಎರಡೂ ಬದಿಯ ಖಾಯಂ ಟ್ಯಾಕಲ್‌ಗಳು ಗಾಯಗೊಂಡು ಹೊರಗಿದ್ದರು. ಮಹೋಮ್ಸ್ 29 ಸಲ ಒತ್ತಡಕ್ಕೆ ಸಿಲುಕಿದರು, ಸೂಪರ್ ಬೌಲ್‌ನಲ್ಲಿ ಅದುವರೆಗೆ ಯಾರೂ ಅಷ್ಟು ಸಿಲುಕಿರಲಿಲ್ಲ. ಎರಡು ವಾರ ಮೊದಲು ಇದೇ ಟ್ಯಾಂಪಾ, ಎಡ ಟ್ಯಾಕಲ್ ಡೇವಿಡ್ ಬಖ್ತಿಯಾರಿ ಇಲ್ಲದ ಗ್ರೀನ್ ಬೇಯನ್ನೂ ಅದರದೇ ಮೈದಾನದಲ್ಲಿ ಮಣಿಸಿತ್ತು.

ಕ್ಯಾನ್ಸಸ್ ಸಿಟಿ ಆ ವಸಂತದಲ್ಲಿ ಐದು ಜಾಗಗಳನ್ನೂ ಹೊಸದಾಗಿ ತುಂಬಿತು. ಗಾರ್ಡ್ ಜೋ ಥೂನಿಗೆ ಐದು ವರ್ಷಕ್ಕೆ 8 ಕೋಟಿ ಡಾಲರ್ ಕೊಟ್ಟಿತು. ಎಡ ಟ್ಯಾಕಲ್ ಓರ್ಲಾಂಡೊ ಬ್ರೌನ್ ಅವರನ್ನು ಬಾಲ್ಟಿಮೋರ್‌ನಿಂದ ತಂದಿತು. ಸೆಂಟರ್ ಕ್ರೀಡ್ ಹಂಫ್ರಿ ಎರಡನೆಯ ಸುತ್ತಿನಲ್ಲಿ, ಗಾರ್ಡ್ ಟ್ರೇ ಸ್ಮಿತ್ ಆರನೆಯ ಸುತ್ತಿನಲ್ಲಿ ಸಿಕ್ಕರು. ಹಣ ಸುರಿದರೆ ಆಗುತ್ತದೆ ಎನ್ನುವವರು ಈ ಉದಾಹರಣೆ ಕೊಡುತ್ತಾರೆ. ಆದರೆ ಬಾಳಿದ್ದು ನಡುವಿನ ಮೂವರ ಜೋಡಣೆ. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಋತುವಿನಲ್ಲಿ 70 ಸಲ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವಿದ್ದ ಫಿಲಡೆಲ್ಫಿಯಾಗೆ ಅವರು ಒಂದು ಸಲವೂ ಅವಕಾಶ ಕೊಡದೆ 38-35ರಿಂದ ಗೆದ್ದರು. 2025ರಲ್ಲಿ ಅದೇ ಫಿಲಡೆಲ್ಫಿಯಾ ಎದುರು, ಎಡ ಟ್ಯಾಕಲ್ ಸಮಸ್ಯೆಯಿಂದ ಥೂನಿಯನ್ನು ಗಾರ್ಡ್ ಜಾಗದಿಂದ ಎಬ್ಬಿಸಿ ತುದಿಗೆ ನಿಲ್ಲಿಸಿದ್ದಾಗ, ಮಹೋಮ್ಸ್ ಆರು ಸಲ ನೆಲ ಕಂಡರು. 22-40ರ ಸೋಲು. ಗೆದ್ದ ಫಿಲಡೆಲ್ಫಿಯಾದ ಎಡ ಟ್ಯಾಕಲ್ ಜೋರ್ಡನ್ ಮೈಲಾಟ ಆಸ್ಟ್ರೇಲಿಯಾದ ರಗ್ಬಿ ಲೀಗ್ ಹುಡುಗ. 2018ರಲ್ಲಿ 233ನೆಯವರಾಗಿ ಆಯ್ಕೆಯಾಗುವ ಮೊದಲು ಒಂದೇ ಒಂದು ಫುಟ್‌ಬಾಲ್ ಪಂದ್ಯ ಆಡಿದವರಲ್ಲ. ಅವರಿಗೆ ಅಕ್ಷರಾಭ್ಯಾಸ ಮಾಡಿಸಿದವರು 2013ರಿಂದ ಅದೇ ತಂಡದಲ್ಲಿದ್ದ ಲೈನ್ ತರಬೇತುದಾರ ಜೆಫ್ ಸ್ಟೌಟ್‌ಲ್ಯಾಂಡ್.

ಲೊಂಬಾರ್ಡಿ, ಬ್ಯೂಗಲ್, ಸ್ಟೌಟ್‌ಲ್ಯಾಂಡ್ ಮೂವರ ಕಾಲದ ಲೆಕ್ಕವನ್ನೂ ನೋಡಿದರೆ, ಲೈನ್ ಕಟ್ಟಲು ಹೊರಟ ತಂಡ ಮೊದಲು ಹುಡುಕಬೇಕಾದದ್ದು ಗುರುವನ್ನು, ಆಮೇಲೆ ಸಮಯವನ್ನು. ಹೆಸರಾಂತ ಟ್ಯಾಕಲ್‌ನ ಸರದಿ ಅದಾದ ಮೇಲೆ.

ಅಸೋಸಿಯೇಟೆಡ್ ಪ್ರೆಸ್ ಕೊಡುವ ಎನ್‌ಎಫ್‌ಎಲ್‌ನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಇದುವರೆಗೆ ಒಬ್ಬ ಆಫೆನ್ಸಿವ್ ಲೈನ್‌ಮನ್‌ಗೂ ಬಂದಿಲ್ಲ. ಹಾಗ್ಸ್ ಮೆರೆದ 1982ರ ಋತುವಿನಲ್ಲಿ ಅದು ಅವರದೇ ತಂಡಕ್ಕೆ ಬಂದಿತ್ತು, ಚೆಂಡು ಒದೆಯುವ ಮಾರ್ಕ್ ಮೋಸ್ಲಿಗೆ. ಬಫಲೋದ ಟ್ಯಾಕಲ್ ಡಿಯಾನ್ ಡಾಕಿನ್ಸ್ ಈ ಕೊರತೆಯನ್ನು ಎತ್ತಿ ಹೇಳಿದ ಮೇಲೆ ಲೈನ್‌ಮನ್‌ಗಳಿಗೆಂದೇ ಒಂದು ಪ್ರಶಸ್ತಿಯನ್ನು ಎನ್‌ಎಫ್‌ಎಲ್ 2025ರ ಋತುವಿನಿಂದ ಶುರು ಮಾಡಿದೆ. ಯಾರಿಗೆ ಕೊಡಬೇಕೆಂದು ನಿರ್ಧರಿಸುವವರು ಅದೇ ಸಾಲಿನಲ್ಲಿ ನಿಂತು ನಿವೃತ್ತರಾದವರು.